ಕಾಯಕದಲ್ಲಿ ಸ್ಫುರಣೆ ಮತ್ತು ವಿಚಾರ

ಹೊಸದೊಂದು ಉದ್ಯಮವನ್ನು ಕೈಕೊಳ್ಳುವವನಿಗೆ ಮುಖ್ಯವಾಗಿ ಬೇಕಾದುದು ಯಾವುದು? ಮನಸ್ಸಿಗೆ ತಟ್ಟನೆ ಹೊಳೆಯುವ ಸ್ಫುರಣೆಯೋ, ಲೆಕ್ಕವಿಟ್ಟು ಅಳೆದು ನೋಡುವ ವಿಚಾರವೋ? ಇದು ಅರ್ಥಶಾಸ್ತ್ರಜ್ಞರಿಗೆ ಸೇರಿದ ಪ್ರಶ್ನೆಯೆಂದು ತೋರಬಹುದು. ಆದರೆ ಕಾಯಕವನ್ನು ಸಾಧನೆಯ ಅಂಗವೆಂದೇ ಎಣಿಸಿದ ಶರಣಧರ್ಮದಲ್ಲಿ ಇದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ. ಅಂತರಂಗವು ನುಡಿಯುತ್ತಿದೆಯೆಂದು ಹೇಳಿ, ತಂದೆಯ ಹೊಲವನ್ನು ಒತ್ತೆಯಿಟ್ಟು ಅಂಗಡಿ ತೆರೆದ ತರುಣನು ವರ್ಷ ತುಂಬುವುದರೊಳಗೆ ಹೊಲವನ್ನೂ ಅಂಗಡಿಯನ್ನೂ ಕಳೆದುಕೊಳ್ಳುವುದುಂಟು. ಲಾಭನಷ್ಟಗಳ ಪಟ್ಟಿಯನ್ನು ಬರೆದು ಅಳಿಸಿ, ಅಳಿಸಿ ಬರೆದು, ಯಾವ ಕೆಲಸಕ್ಕೂ ಕೈಹಾಕದೆ ವಯಸ್ಸನ್ನು ಕಳೆದವನೂ ಉಂಟು. ಮೊದಲನೆಯವನು ಇದ್ದ ಅನ್ನವನ್ನು ಕೆಡಿಸಿದನು. ಎರಡನೆಯವನು ಅನ್ನವನ್ನು ಹುಟ್ಟಿಸಲೇ ಇಲ್ಲ.

ಕಾವ್ಯವನ್ನು ಕುರಿತು ನಮ್ಮ ಆಲಂಕಾರಿಕರು ಇಂಥದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರಗಳನ್ನೂ ನೋಡಿ ಪಡೆದ ನಿಪುಣತೆ, ಬಲ್ಲವರ ಬಳಿ ಮಾಡಿದ ಅಭ್ಯಾಸ ಇವು ಮೂರೂ ಕೂಡಿ ಕಾವ್ಯಕ್ಕೆ ಒಂದೇ ಹೇತುವಾಗುತ್ತವೆಯೇ ಹೊರತು ಬಿಡಿಬಿಡಿಯಾಗಿ ಮೂರು ಹೇತುಗಳಲ್ಲವೆಂಬುದು ಕಾವ್ಯಪ್ರಕಾಶಕಾರನಾದ ಮಮ್ಮಟನ ಮತ. ಅಲ್ಲಿ ಏಕವಚನದ ಪ್ರಯೋಗವೇ ಸಿದ್ಧಾಂತವಾಗಿದೆ. ಸ್ಫುರಣೆಗೂ ವಿಚಾರಕ್ಕೂ ಈ ನ್ಯಾಯವು ಸಲ್ಲುತ್ತದೆಯೇ ಎಂಬುದನ್ನು ಒಂದು ನಡೆದ ಸಂಗತಿಯಿಂದ ಪರಿಶೀಲಿಸಬಹುದು.

1925ರಲ್ಲಿ ಉಡುಪಿಯಲ್ಲಿ ವೈದ್ಯರಾದ ಡಾಕ್ಟರ್ ಟಿ. ಎಂ. ಎ. ಪೈ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವ ಎಂಬ ಮೂವರು 8,000 ರೂಪಾಯಿಗಳ ಮೂಲಧನದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕೈಮಗ್ಗದ ಕಸುಬು ಕುಸಿದು ಆ ಸೀಮೆಯ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಕಾಲವದು. ಅವರಿಗೆ ನೆರವಾಗುವುದೇ ಸಂಸ್ಥೆಯ ಉದ್ದೇಶ. ಜೇಡರ ದಾಸಿಮಯ್ಯನ ಮಗ್ಗವನ್ನು ಪೂಜ್ಯವೆಂದು ನೆನೆಯುವವರಿಗೆ ನೇಕಾರನ ಕಷ್ಟವೆಂದರೇನೆಂದು ವಿವರಿಸಬೇಕಾಗಿಲ್ಲ. ಮೂರು ವರ್ಷಗಳ ತರುವಾಯ, 1928ರಲ್ಲಿ, ಆ ಸಂಸ್ಥೆಯು ಪಿಗ್ಮಿ ಠೇವಣಿಯೆಂಬ ಪದ್ಧತಿಯನ್ನು ಆರಂಭಿಸಿತು. ಸಂಗ್ರಾಹಕನು ದಿನವೂ ಮನೆಬಾಗಿಲಿಗೆ ಹೋಗಿ ಎರಡು ಆಣೆಯಷ್ಟು ಅಲ್ಪ ಹಣವನ್ನೂ ಠೇವಣಿಯಾಗಿ ಸ್ವೀಕರಿಸುವುದು ಇದರ ಕ್ರಮ.

ಇದರಲ್ಲಿ ಸ್ಫುರಣೆಯ ಭಾಗ ಯಾವುದು? ಬಡವನು ಉಳಿಸಲಾರನೆಂಬುದು ಲೋಕದ ಮಾತು. ಬಡವನು ದಿನವೂ ಉಳಿಸಬಲ್ಲನು, ಆದರೆ ಉಳಿಸಿದುದನ್ನು ಮನೆಯಲ್ಲಿ ಉಳಿಯಗೊಡಿಸಲಾರನು. ಅವನು ಬ್ಯಾಂಕಿನ ಮೆಟ್ಟಿಲೇರಲು ಅಂಜುತ್ತಾನೆ, ಆದುದರಿಂದ ಬ್ಯಾಂಕೇ ಅವನ ಹೊಸ್ತಿಲಿಗೆ ಹೋಗಬೇಕು ಎಂಬ ಕಾಣ್ಕೆಯು ಲೆಕ್ಕದ ಪುಸ್ತಕದಿಂದ ಹುಟ್ಟತಕ್ಕುದಲ್ಲ. ಜನರ ನಡುವೆ ಓಡಾಡಿ ಅವರ ಬಾಳನ್ನು ಬಲ್ಲವರಿಗೆ ಮಾತ್ರ ಅದು ಹೊಳೆಯಬಲ್ಲುದು. ಸ್ಥಾಪಕರಲ್ಲಿ ಒಬ್ಬರು ವೈದ್ಯರಾಗಿದ್ದುದು ಇಲ್ಲಿ ಗಮನಾರ್ಹ. ವೈದ್ಯನು ಮನೆಗಳ ಒಳಗನ್ನು ಕಂಡವನಷ್ಟೆ.

ಆದರೆ ಕಾಣ್ಕೆಯೊಂದೇ ಸಾಲದು. ಎರಡಾಣೆಯನ್ನು ತರಲು ಹೋದವನ ಕೂಲಿಯೇ ಎರಡಾಣೆಯನ್ನು ಮೀರಿದರೆ ಗತಿಯೇನು? ಇಲ್ಲಿ ಗಣಿತವು ತನ್ನ ಪಾಲನ್ನು ಕೇಳುತ್ತದೆ. ದಿನಕ್ಕೆ ಎರಡಾಣೆಯಾದರೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಒಬ್ಬ ಸಂಗ್ರಾಹಕನು ನೂರು ಮನೆಗಳನ್ನು ಸುತ್ತುವನೆಂದು ಭಾವಿಸಿದರೆ, ದಿನವೊಂದಕ್ಕೆ 12 ರೂಪಾಯಿ 8 ಆಣೆ ಕೂಡುತ್ತದೆ. ಮನೆಗಳು ದೂರದೂರವಿದ್ದರೆ ಲೆಕ್ಕ ಕೆಡುತ್ತದೆ. ಒಂದೇ ಕೇರಿಯಲ್ಲಿದ್ದರೆ ನಿಲ್ಲುತ್ತದೆ. ಬಂದ ಹಣವನ್ನೆಲ್ಲ ಸಾಲವಾಗಿ ಕೊಟ್ಟರೆ ಠೇವಣಿದಾರನು ಮಗಳ ಮದುವೆಗೆಂದು ಕೇಳಿದ ದಿನ ಕೈ ಬರಿದಾಗಿರುತ್ತದೆ. ಕೊಡದೆಯೇ ಇಟ್ಟುಕೊಂಡರೆ ಬಡ್ಡಿಯನ್ನು ಕೊಡುವುದು ಎಲ್ಲಿಂದ? ಇಂಥ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸುವುದೇ ವಿಚಾರ. ನೂರು ಬಡಮನೆಗಳ ನಂಬಿಕೆಯು ಅದರ ಮೇಲೆ ನಿಂತಿರುವಾಗ ಇದನ್ನು ಬರಿಯ ವ್ಯವಹಾರಚಾತುರ್ಯವೆಂದು ಕಡೆಗಣಿಸಲಾಗದು.

ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ತಳೆದ ಆ ಸಂಸ್ಥೆಯು 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿಯೆಂಬ ಮಾತಂತೂ ಕನ್ನಡನಾಡಿನ ಪೇಟೆಬೀದಿಗಳಲ್ಲಿ ಇನ್ನೂ ಕೇಳಿಬರುತ್ತದೆ.

ಈಚಿನ ಮನಶ್ಶಾಸ್ತ್ರಜ್ಞರೂ ಇದೇ ದಾರಿಯಲ್ಲಿ ವಿಚಾರಮಾಡಿದ್ದಾರೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಪಡೆದ ಅಮೆರಿಕದ ಹರ್ಬರ್ಟ್ ಸೈಮನ್ನರು ಚದುರಂಗದ ನಿಪುಣರನ್ನು ಪರೀಕ್ಷಿಸಿ, ಸ್ಫುರಣೆಯೆಂಬುದು ಬಹುಕಾಲದ ಅಭ್ಯಾಸದಿಂದ ಬಂದ ಗುರುತಿಸುವಿಕೆಯೇ ಎಂದು ನಿರ್ಣಯಿಸಿದರು. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬವರು 2009ರಲ್ಲಿ ಕೂಡಿ ಬರೆದ ಲೇಖನದಲ್ಲಿ ಒಂದು ನಿಬಂಧನೆಯನ್ನು ಮುಂದಿಟ್ಟಿದ್ದಾರೆ: ಎಲ್ಲಿ ಸಂಗತಿಗಳು ಒಂದು ಕ್ರಮಕ್ಕೆ ಒಳಪಟ್ಟು ನಡೆಯುತ್ತವೆಯೋ, ಎಲ್ಲಿ ಆ ಕ್ರಮವನ್ನು ತಪ್ಪುಒಪ್ಪುಗಳ ಮೂಲಕ ಕಲಿಯಲು ಅವಕಾಶವಿತ್ತೋ, ಅಲ್ಲಿಯ ಸ್ಫುರಣೆಯನ್ನು ನಂಬಬಹುದು. ತನಗೆ ಎಷ್ಟು ದೃಢವಾದ ನಂಬಿಕೆಯಿದೆಯೆಂಬುದು ಪ್ರಮಾಣವಾಗದು. ಹತ್ತಿಯನ್ನು ಮುಟ್ಟಿ ನೋಡದವನಿಗೆ ಹತ್ತಿಯ ವ್ಯಾಪಾರದಲ್ಲಿ ಹೊಳೆದುದು ಹೊಳಹಲ್ಲ, ಆಸೆ. ಈ ಆಸೆಯನ್ನು ಅನುಭಾವವೆಂಬ ದೊಡ್ಡ ಹೆಸರಿನಿಂದ ಕರೆಯುವುದು ಮಠಗಳ ಬಳಿ ಸುಳಿಯುವ ಭಕ್ತರಲ್ಲಿ ಹೆಚ್ಚುತ್ತಿರುವ ದೋಷ. ಶರಣರ ಅನುಭಾವವು ಲಿಂಗಾಂಗಸಾಮರಸ್ಯಕ್ಕೆ ಸಂಬಂಧಿಸಿದುದು. ಅದನ್ನು ಸರಕಿನ ಬೆಲೆಗೆ ಸಾಕ್ಷಿಯಾಗಿ ಕರೆಯಲಾಗದು.

ಹಾಗಾದರೆ ಸ್ಫುರಣೆಯನ್ನೂ ಆಸೆಯನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ? ಆಯ್ದಕ್ಕಿ ಲಕ್ಕಮ್ಮನ ಕಥೆಯು ಇಲ್ಲಿ ಉಪಕರಿಸುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಕಂಡೊಡನೆಯೇ ಅದು ಹೆಚ್ಚೆಂದು ಅರಿತಳು. ದಿನದಿನವೂ ಅದೇ ಅಕ್ಕಿಯನ್ನು ಅಟ್ಟು ದಾಸೋಹ ನಡೆಸಿದವಳ ಕಣ್ಣಿಗೆ ಅಳತೆಯು ತಾನಾಗಿ ತೋರಿತು, ಇದು ಸ್ಫುರಣೆ. ಆದರೆ ಅವಳು ಅಷ್ಟಕ್ಕೆ ನಿಲ್ಲಲಿಲ್ಲ. ಈ ಹೆಚ್ಚಿನದು ಯಾರಿಗಾಗಿ, ದಾಸೋಹಕ್ಕೆ ಬೇಕಾದುದೆಷ್ಟು, ಮಿಕ್ಕಿದುದರ ಬಯಕೆ ಎಲ್ಲಿಂದ ಹುಟ್ಟಿತು ಎಂದು ಪತಿಯ ಮನಸ್ಸನ್ನೇ ಶೋಧಿಸಿದಳು, ಇದು ವಿಚಾರ. ಉದ್ಯಮವನ್ನು ಆರಂಭಿಸುವವನು ಬಂಡವಾಳದ ಪಟ್ಟಿಯ ಪಕ್ಕದಲ್ಲಿ ಈ ಮೂರು ಪ್ರಶ್ನೆಗಳನ್ನೂ ಬರೆದುಕೊಳ್ಳಬಹುದು. ಅವಕ್ಕೆ ಉತ್ತರ ಹೇಳುವಾಗ ಮನೆಯಾಕೆಯನ್ನು ಎದುರಿಗೆ ಕೂರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಮಾರಯ್ಯನು ಆ ಹೆಚ್ಚಿನ ಅಕ್ಕಿಯನ್ನು ಹೊತ್ತು, ಆಯ್ದು ತಂದ ಅಂಗಳಕ್ಕೇ ಮರಳಿ ಹೋಗಿ ಸುರಿದನು.