ಮನೆಯಲ್ಲೇ ಕಾರು ಕಟ್ಟುವವರು ಮತ್ತು ಎರಡೂವರೆ ಮಿಲಿಮೀಟರಿನ ಪಾಠ



ಹೋದ ಬೇಸಿಗೆ ರಜೆಯಲ್ಲಿ ನಾನೊಂದು ತಳ್ಳುಗಾಡಿ ಮಾಡಿದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಹಳೇ ಸೈಕಲ್ ಚಕ್ರ ಎರಡು, ಕಬ್ಬಿಣದ ಪಟ್ಟಿ, ಎಣ್ಣೆ ಡಬ್ಬದ ತಗಡು, ಇಷ್ಟೇ ಸಾಮಾನು. ಗೊಬ್ಬರ ಸಾಗಿಸೋಕೆ ಚೆನ್ನಾಗಿತ್ತು. ಮೂರನೇ ದಿನ ನನ್ನ ತಮ್ಮ ಓಡಿ ಬಂದು ಅದರ ಮೂಲೆಗೆ ತಾಗಿದ. ಮೀನಖಂಡ ಸೀಳಿ ನಾಲ್ಕು ಹೊಲಿಗೆ ಬಿತ್ತು. "ಗಾಡಿ ಸರಿಯಾಗೇ ಓಡ್ತದೆ, ಅವನೇ ನೋಡದೆ ಬಂದ" ಅಂತ ನಾನು ವಾದ ಮಾಡಿದೆ. ಪೇಟೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುವ ನಮ್ಮ ಸೋದರಮಾವ ತಗಡಿನ ಅಂಚಿನ ಮೇಲೆ ಬೆರಳಾಡಿಸಿ, "ಓಡೋದು ನಿನಗಾಯ್ತು ಅಳಿಯ, ಎದುರಿಗೆ ಬರೋನಿಗೆ ಏನ್ ಮಾಡಿದ್ದೀಯ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶಾಲೆ ಶುರುವಾದ ಮೇಲೆ ಇದನ್ನು ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. "ಇಂಗ್ಲೆಂಡಿನಲ್ಲಿ ಜನ ಮನೆಯಲ್ಲೇ ಕಾರು ಕಟ್ಟಿ ರಸ್ತೆಗೆ ಇಳಿಸ್ತಾರೆ. ನಿಮ್ಮ ಮಾವ ಕೇಳಿದ ಪ್ರಶ್ನೆಯನ್ನೇ ಅಲ್ಲಿ ಸರ್ಕಾರ ಕೇಳ್ತದೆ" ಎಂದರು. ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕಿಟ್ ಕಾರ್ ಎಂದರೇನು?

ಕಾರಿನ ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡು ತಾವೇ ಜೋಡಿಸಿಕೊಳ್ಳುವ ಕಾರಿಗೆ ಕಿಟ್ ಕಾರ್ ಎನ್ನುತ್ತಾರೆ. ಇದರಲ್ಲಿ ಬಹಳ ಹೆಸರಾದದ್ದು ಲೋಟಸ್ ಸೆವೆನ್. ಕಾಲಿನ್ ಚಾಪ್ಮನ್ ಎಂಬ ಇಂಜಿನಿಯರ್ 1957ರಲ್ಲಿ ಇದನ್ನು ಹೊರತಂದರು. ಆಗ ಅಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡರೆ ಆ ತೆರಿಗೆ ತಪ್ಪುತ್ತಿತ್ತು. ಆದರೆ ಜೋಡಿಸುವ ವಿಧಾನವನ್ನು ಜೊತೆಗೆ ಬರೆದುಕೊಡುವಂತಿರಲಿಲ್ಲವಂತೆ. ಅದಕ್ಕೆ ಕಂಪನಿಯವರು ಕಾರನ್ನು ಬಿಚ್ಚುವ ವಿಧಾನ ಬರೆದುಕೊಟ್ಟರು, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಜೋಡಿಸಿದರು ಎಂದು ಹೇಳುತ್ತಾರೆ. 1973ರಲ್ಲಿ ಖರೀದಿ ತೆರಿಗೆ ಹೋಗಿ ಬೇರೆ ತೆರಿಗೆ ಬಂತು, ಆ ಉಳಿತಾಯವೂ ಹೋಯಿತು. ಆದರೂ ಕಟ್ಟುವ ಹುಚ್ಚು ಹೋಗಲಿಲ್ಲ. ಅದೇ ವರ್ಷ ಕೇಟರ್‌ಹ್ಯಾಮ್ ಎಂಬ ಕಂಪನಿ ಸೆವೆನ್ ತಯಾರಿಸುವ ಹಕ್ಕನ್ನು ಕೊಂಡಿತು.

1996ರಲ್ಲಿ ರಾನ್ ಚಾಂಪಿಯನ್ ಎಂಬುವರು ಬರೀ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಬಹುದು ಅಂತ ಒಂದು ಪುಸ್ತಕವನ್ನೇ ಬರೆದರು. ಚೌಕದ ಉಕ್ಕಿನ ಕೊಳವೆ ಕತ್ತರಿಸಿ ವೆಲ್ಡ್ ಮಾಡಿ ಚಾಸಿ ಮಾಡುವುದು. ಇಂಜಿನ್, ಗೇರ್ ಬಾಕ್ಸ್, ಆಕ್ಸಲ್‌ಗಳನ್ನು ಹಳೇ ಫೋರ್ಡ್ ಎಸ್ಕಾರ್ಟ್ ಕಾರಿನಿಂದ ಬಿಚ್ಚಿಕೊಳ್ಳುವುದು. ಇದನ್ನು ಓದಿ ಮಾವ, "ಚಾಸಿ ನಾನೂ ಮಾಡೇನು" ಎಂದರು!

ಕಟ್ಟಿದರೆ ಸಾಲದು, ಪಾಸಾಗಬೇಕು

ಕಾರ್ಖಾನೆಯ ಕಾರಾದರೆ ಒಂದು ಮಾದರಿಗೆ ಒಪ್ಪಿಗೆ ಪಡೆದು ಅದರಂತೆ ಸಾವಿರಾರು ತಯಾರಿಸುತ್ತಾರೆ. ಮನೆಯ ಕಾರು ಇರುವುದೇ ಒಂದು. ಆದ್ದರಿಂದ ಆ ಒಂದನ್ನೇ ಪರೀಕ್ಷಿಸಬೇಕು. ಮನೆಯಲ್ಲಿ ಕಟ್ಟಿದ ಕಾರುಗಳಿಗೆ ಇಂಥ ಪರೀಕ್ಷೆ 1998ರಿಂದ ಕಡ್ಡಾಯವಾಯಿತು. 2009ರಲ್ಲಿ ಅದರ ಜಾಗಕ್ಕೆ ಐ.ವಿ.ಎ. ಎಂಬ ಇನ್ನೂ ಬಿಗಿಯಾದ ಪರೀಕ್ಷೆ ಬಂತು. ಅದರಲ್ಲಿ ನೋಡುವ ಕೆಲವು ಅಂಶಗಳು ಹೀಗಿವೆ:

1. ಬ್ರೇಕು: ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಜಾಮ್ ಆಗಬಾರದು. ಸೈಕಲ್ಲಿನ ಹಿಂದಿನ ಬ್ರೇಕನ್ನು ಮಾತ್ರ ಗಟ್ಟಿ ಹಿಡಿದರೆ ಹಿಂಭಾಗ ಪಕ್ಕಕ್ಕೆ ಜಾರುವುದನ್ನು ನೀವೆಲ್ಲ ನೋಡಿದ್ದೀರಿ. ಕಾರೂ ಹಾಗೇ ತಿರುಗಿಬಿಡುತ್ತದೆ.

2. ಸ್ಪೀಡೋಮೀಟರು: ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಸ್ವಲ್ಪ ಹೆಚ್ಚು ತೋರಿಸಿದರೆ ನಡೆಯುತ್ತದೆ. ಕಡಿಮೆ ತೋರಿಸಿದರೆ ಓಡಿಸುವವನು ನಿಧಾನವಾಗಿದ್ದೇನೆ ಅಂದುಕೊಂಡು ಜೋರಾಗಿ ಹೋಗುತ್ತಾನೆ.

3. ದೀಪ, ಕನ್ನಡಿ, ಸೀಟ್ ಬೆಲ್ಟ್, ಶಬ್ದ, ಹೊಗೆ: ಅಲ್ಲೂ ನಮ್ಮಂತೆ ರಸ್ತೆಯ ಎಡಕ್ಕೇ ಹೋಗುತ್ತಾರೆ. ಹಾಗಾಗಿ ಡಿಮ್ ಮಾಡಿದ ಬೆಳಕು ಎದುರು ಬರುವವರ ಕಣ್ಣು ಕುಕ್ಕದೆ ಎಡಕ್ಕೆ ಬೀಳಬೇಕು.

4. ಹೊರಗಿನ ಅಂಚು: ಇದೇ ನನ್ನ ಪಾಠ. 100 ಮಿಲಿಮೀಟರ್ ವ್ಯಾಸದ ಒಂದು ಗೋಳವನ್ನು, ಅಂದರೆ ಹೆಚ್ಚುಕಡಿಮೆ ಸುಲಿದ ತೆಂಗಿನಕಾಯಿಯಷ್ಟು ದಪ್ಪದ ಚೆಂಡನ್ನು, ಕಾರಿನ ಮೈಗೆ ತಾಗಿಸಿ ನೋಡುತ್ತಾರೆ. ಅದು ತಾಗುವ ಕಡೆ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಬೋಲ್ಟಿನ ತಲೆ, ತಗಡಿನ ಮೂಲೆ, ಕ್ಲಿಪ್ಪು ಯಾವುದಕ್ಕೂ ವಿನಾಯಿತಿ ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ಕಟ್ಟುವವರು ಅಂಚಿಗೆ ರಬ್ಬರ್ ಪಟ್ಟಿ, ನಟ್ಟಿಗೆ ಪ್ಲಾಸ್ಟಿಕ್ ಟೋಪಿ ಹಾಕುತ್ತಾರೆ.

ಯಾಕೆ ದುಂಡಗಿರಬೇಕು?

ನಮ್ಮ ಪಾಠದಲ್ಲೇ ಇದೆ: ಒತ್ತಡ = ಬಲ ÷ ವಿಸ್ತೀರ್ಣ. ಒಂದೇ ಬಲ 1 ಚದರ ಸೆಂಟಿಮೀಟರ್ ಮೇಲೆ ಬೀಳುವ ಬದಲು 1 ಚದರ ಮಿಲಿಮೀಟರ್ ಮೇಲೆ ಬಿದ್ದರೆ ಒತ್ತಡ 100 ಪಟ್ಟು ಆಗುತ್ತದೆ. ಕುಡುಗೋಲಿನ ಬಾಯಿ ಕೊಯ್ಯುತ್ತದೆ, ಬೆನ್ನು ಕೊಯ್ಯುವುದಿಲ್ಲ. ಕಬ್ಬಿಣ ಒಂದೇ, ಕೈಯ ಬಲವೂ ಒಂದೇ. ನನ್ನ ಗಾಡಿಯ ಮೂಲೆ ಕುಡುಗೋಲಿನ ಬಾಯಿಯಾಗಿತ್ತು.

ಕಾಗದ ಪತ್ರ

ಫೇಲಾದರೆ ಯಾವ್ಯಾವ ತಪ್ಪು ಎಂದು ಪಟ್ಟಿ ಕೊಡುತ್ತಾರೆ. ಸರಿಮಾಡಿಕೊಂಡು ಮತ್ತೆ ಪರೀಕ್ಷೆಗೆ ಬರಬಹುದು. ಪಾಸಾದರೆ ಪ್ರಮಾಣಪತ್ರ ಸಿಗುತ್ತದೆ. ಅದರ ಜೊತೆ ಭಾಗಗಳನ್ನು ಕೊಂಡ ರಸೀದಿ, ಕಟ್ಟುವಾಗ ತೆಗೆದ ಫೋಟೋ ಎಲ್ಲ ಸೇರಿಸಿ ನೋಂದಣಿ ಕಚೇರಿಗೆ ಕಳಿಸಬೇಕು. ಯಾವ ಕಾಲದ ಭಾಗಗಳು ಎಂದು ತೋರಿಸಲು ಆಗದಿದ್ದರೆ ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್ ಕೊಡುತ್ತಾರೆ. ಆದ್ದರಿಂದ ಕಟ್ಟುವವರು ಒಂದು ಚೀಟಿಯನ್ನೂ ಬಿಸಾಡುವುದಿಲ್ಲ. ಇಷ್ಟಾದ ಮೇಲೆ ವಿಮೆ, ತೆರಿಗೆ ಕಟ್ಟಿ ರಸ್ತೆಗೆ ಬರಬೇಕು.

ನನ್ನ ಗಾಡಿ ಏನಾಯಿತು?

ತಗಡಿನ ಅಂಚನ್ನು ಮಡಿಸಿ ತಟ್ಟಿ, ಮೂಲೆಗಳನ್ನು ಅರದಿಂದ ಉಜ್ಜಿ, ಮೇಲೆ ಹಳೇ ಸೈಕಲ್ ಟ್ಯೂಬು ಸೀಳಿ ಸುತ್ತಿದೆ. ತಮ್ಮನೇ ಅಡುಗೆಮನೆಯಿಂದ ತೆಂಗಿನಕಾಯಿ ತಂದು ಸುತ್ತ ಉರುಳಿಸಿ ನೋಡಿದ. ಎರಡು ಕಡೆ ಫೇಲು ಮಾಡಿದ. ಅವನ್ನೂ ಉಜ್ಜಿದೆ. ಅವನ ಕಾಲಿನ ಗಾಯದ ಗುರುತು ಮಾತ್ರ ಹಾಗೇ ಇದೆ. ಅದನ್ನು ಕಂಡಾಗೆಲ್ಲ ಮಾವ ಕೇಳಿದ್ದು ನೆನಪಾಗುತ್ತದೆ.

ಮಾಡಿ ನೋಡಿ, ಉತ್ತರಿಸಿ

1. 5 ಮಿಲಿಮೀಟರ್ ವ್ಯಾಸದ ವೃತ್ತ ಬರೆಯಿರಿ. ಅದರ ತ್ರಿಜ್ಯ ಎಷ್ಟು?
2. ನಿಮ್ಮ ಡೆಸ್ಕಿನ ಮೂಲೆ, ಮನೆಯ ಎತ್ತಿನ ಗಾಡಿ, ಬಾಗಿಲ ಚಿಲಕ: ಇವುಗಳಲ್ಲಿ ತೆಂಗಿನಕಾಯಿ ಪರೀಕ್ಷೆಗೆ ಪಾಸಾಗುವುದು ಯಾವುದು?
3. ಸ್ಪೀಡೋಮೀಟರ್ ಹೆಚ್ಚು ತೋರಿಸಿದರೆ ಅಪಾಯ ಕಡಿಮೆ ಏಕೆ?

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ