ಕುಡಿತ ತಗ್ಗಿಸಲು ಎಂಟು ಸೂತ್ರಗಳು: ಲೆಕ್ಕವೂ ನಿಮ್ಮದು, ತೀರ್ಮಾನವೂ ನಿಮ್ಮದು

ಕಮಲಾಪುರದಿಂದ, ಸುತ್ತಲಿನ ಹಳ್ಳಿಗಳಿಂದ ಓದಲೆಂದು ಕಲಬುರಗಿಗೆ ಬರುವ ಹುಡುಗರಿಗೆ ಊರು ಬಿಟ್ಟ ಸ್ವಾತಂತ್ರ್ಯದ ಜೊತೆಗೆ ರೂಮಿನ ಪಾರ್ಟಿಗಳೂ ಎದುರಾಗುತ್ತವೆ. ‘ಕುಡಿಯಬೇಡ’ ಎಂಬ ಉಪದೇಶವನ್ನು ಅವರು ಬೇಕಾದಷ್ಟು ಕೇಳಿದ್ದಾರೆ. ಅದಕ್ಕಿಂತ ಹೆಚ್ಚು ನಾಟುವುದು ತಮ್ಮದೇ ಕುಡಿತದ ಲೆಕ್ಕ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗಾಗಿ ರೂಪಿಸಿದ ‘ಬೇಸಿಕ್ಸ್’ ಕಾರ್ಯಕ್ರಮ ನಿಂತಿರುವುದು ಇದರ ಮೇಲೆಯೇ: ವಿದ್ಯಾರ್ಥಿಯ ಅಂಕಿಗಳನ್ನು ಅವನ ಮುಂದಿಡು, ಬೈಯಬೇಡ, ನಿರ್ಧಾರ ಅವನೇ ಮಾಡಲಿ. ನಮ್ಮ ನೆರೆಯ ಗೋವಾದಲ್ಲೂ ಸಂಗತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥದೇ ಆಪ್ತಸಲಹೆ ನಡೆಸಿತು. ಸಲಹೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಮೂರು ತಿಂಗಳಲ್ಲಿ ಸಲಹೆ ಪಡೆದ ಗಂಡಸರಲ್ಲಿ 36% ಮಂದಿ ಅಪಾಯದ ಕುಡಿತದಿಂದ ಹೊರಬಂದರು, ಪಡೆಯದವರಲ್ಲಿ 26%.

ಈ ದಾರಿಯನ್ನು ನೀವೇ ಹಿಡಿಯಬಹುದು. ಹೀಗೆ ಮಾಡಿ.

1. ಹತ್ತು ಪ್ರಶ್ನೆಗೆ ಉತ್ತರ ಬರೆಯಿರಿ.
ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆಗಳಿವೆ. ಎಷ್ಟು ಸಲ ಕುಡಿಯುತ್ತೀರಿ, ಒಮ್ಮೆಗೆ ಎಷ್ಟು, ಹಿಂದಿನ ರಾತ್ರಿ ನಡೆದದ್ದು ಮರೆತುಹೋಗಿತ್ತೇ ಎಂಬಂಥವು. ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ನಿಮ್ಮ ಕುಡಿತ ಅಪಾಯದ ಗೆರೆ ದಾಟಿದೆ. 20 ಮುಟ್ಟಿದರೆ ವೈದ್ಯರನ್ನು ಕಾಣಲೇಬೇಕು.

2. ಪೆಗ್ ಅಲ್ಲ, ಗ್ರಾಂ ಎಣಿಸಿ.
30 ಮಿ.ಲೀ. ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 180 ಮಿ.ಲೀ. ಕ್ವಾರ್ಟರ್ ಎಂದರೆ 60 ಗ್ರಾಂ. 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಹೆಚ್ಚು ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತ ಎನ್ನುತ್ತದೆ. ‘ಬರೀ ಒಂದು ಕ್ವಾರ್ಟರ್’ ಎನ್ನುವವರು ಆ ಗೆರೆಯ ಮೇಲೆಯೇ ನಿಂತಿದ್ದಾರೆ.

3. ‘ಎಲ್ಲಾರೂ ಕುಡೀತಾರ’ ಎಂಬ ಮಾತನ್ನು ನಂಬಬೇಡಿ.
ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಮದ್ಯ ಸೇವಿಸುವವರು 14.6%. ಗಂಡಸರಲ್ಲಿ 27.3%, ಹೆಂಗಸರಲ್ಲಿ 1.6%. ಗಂಡಸರಲ್ಲೇ ನಾಲ್ವರಲ್ಲಿ ಸುಮಾರು ಮೂವರು ಮುಟ್ಟುವುದಿಲ್ಲ. ನಿಮ್ಮ ರೂಮಿನ ನಾಲ್ಕು ಗೋಡೆ ಇಡೀ ಕಾಲೇಜಲ್ಲ.

4. ವರ್ಷದ ಖರ್ಚು ಕೂಡಿಸಿ.
ವಾರಕ್ಕೆ 300 ರೂಪಾಯಿ ಎಂದರೆ ವರ್ಷಕ್ಕೆ 15,600. ಅದರ ಪಕ್ಕದಲ್ಲಿ ನಿಮ್ಮ ಪರೀಕ್ಷಾ ಶುಲ್ಕ, ಬಸ್ ಪಾಸು, ಪುಸ್ತಕದ ಖರ್ಚು ಬರೆಯಿರಿ. ಆ ಹಣ ತೊಗರಿ ಹೊಲದಿಂದ ಬಂದದ್ದೋ, ಕಮಲಾಪುರದ ಕೆಂಪು ಬಾಳೆಯ ತೋಟದಿಂದ ಬಂದದ್ದೋ, ಅದನ್ನೂ ಬರೆಯಿರಿ.

5. ಮರುದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.
10 ಗ್ರಾಂ ಆಲ್ಕೋಹಾಲ್ ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಮುಗಿಸಿದ ಕ್ವಾರ್ಟರ್ ಬೆಳಗಿನ ಜಾವದವರೆಗೂ ರಕ್ತದಲ್ಲಿರುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಅದನ್ನು ಬೇಗ ಇಳಿಸದು. ನಿದ್ದೆ ಕೆಡುತ್ತದೆ, ಓದಿದ್ದು ನಿಲ್ಲುವುದಿಲ್ಲ. ತಪ್ಪಿದ ತರಗತಿಗಳನ್ನು ಎಣಿಸಿ.

6. ಕಾನೂನು ತಿಳಿದಿರಲಿ.
ಕರ್ನಾಟಕದ ಅಬಕಾರಿ ನಿಯಮದಂತೆ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಪ್ರಸ್ತಾಪವನ್ನು 2023ರಲ್ಲಿ ಸರ್ಕಾರವೇ ಕೈಬಿಟ್ಟಿತು. ಪದವಿ ಓದುವ ಬಹುಪಾಲು ಹುಡುಗರು 21ರೊಳಗೇ ಇರುತ್ತಾರೆ. ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹುಮನಾಬಾದ್ ರಸ್ತೆಯಲ್ಲಿ ರಾತ್ರಿ ಲಾರಿಗಳ ನಡುವೆ ಕುಡಿದು ಬೈಕ್ ಹತ್ತಿದರೆ ಹೋಗುವುದು ಹಣವಲ್ಲ, ಜೀವ.

7. ಬೇಡ ಅನ್ನುವ ಮಾತು ಮೊದಲೇ ಸಿದ್ಧವಿರಲಿ.
‘ಇವತ್ತ ಬ್ಯಾಡಪಾ, ನಾಳಿ ಪರೀಕ್ಷಾ ಅದ’ ಅಂದರೆ ಸಾಕು, ಭಾಷಣ ಬೇಕಿಲ್ಲ. ಮಿತಿಯನ್ನು ಪಾರ್ಟಿಗೆ ಹೋಗುವ ಮುನ್ನವೇ ಬರೆದಿಡಿ. ತಿಂಗಳ ಕೊನೆಗೆ ಹತ್ತೂ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿ, ಅಂಕ ಇಳಿದಿದೆಯೇ ನೋಡಿ.

8. ಕೈ ಮೀರಿದರೆ ನೆರವು ಕೇಳಿ.
ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರಬಹುದು. ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡಕ್ಕೂ ಕರೆ ಉಚಿತ.

ಉಪನ್ಯಾಸಕರಿಗೆ, ವಾರ್ಡನ್‌ಗಳಿಗೆ ಒಂದು ಮಾತು: ಸಿಕ್ಕಿಬಿದ್ದ ಹುಡುಗನ ಮರ್ಯಾದೆ ಎಲ್ಲರೆದುರು ಕಳೆಯಬೇಡಿ. ಪಕ್ಕಕ್ಕೆ ಕರೆದು ಆ ಹತ್ತು ಪ್ರಶ್ನೆಗಳನ್ನು ಕೊಡಿ, ಅವನ ಉತ್ತರವನ್ನು ಗುಟ್ಟಾಗಿಡಿ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಲೆಕ್ಕ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಒಂದು ಹಾಳೆ ತೆಗೆದುಕೊಂಡು ಇವತ್ತೇ ಬರೆಯಿರಿ.