ಒಂದೇ ಹಡಗು, ಹಲವು ಜೇಬು

ಸ್ನೇಹಿತರೆಲ್ಲ ಸೇರಿ ಕ್ರೂಸ್ ಹೊರಡುವುದಾದರೆ ಜೊತೆಯಾಗಿ ಮಾಡುವ ಖರ್ಚು ಗುಂಪಿನ ಅತಿ ಚಿಕ್ಕ ಜೇಬಿಗೆ ಹೊಂದಬೇಕು. ಅದಕ್ಕೆ ಮೇಲ್ಪಟ್ಟದ್ದೆಲ್ಲ ಅವರವರ ಇಷ್ಟ, ಅವರವರ ಕಾರ್ಡು. ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ಸುತ್ತಿ ಬರುವ ಏಳು ರಾತ್ರಿಗಳ ಬೇಸಿಗೆ ಕ್ರೂಸನ್ನು ಹಳೆಯ ಗೆಳೆಯರೊಂದಿಗೆ ಮುಗಿಸಿ ಬಂದ ಮೇಲೆ, ಗುಂಪು ಪ್ರವಾಸದ ಬಗ್ಗೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದೇ.

ನಮ್ಮದು ಮೈಸೂರಿನ ಕಾಲೇಜಿನಲ್ಲಿ ಕೂಡಿದ ಗುಂಪು. ಈಗ ಕೆಲವರು ಸಿಯಾಟಲ್ ಸುತ್ತಮುತ್ತ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಒಬ್ಬ ಗೆಳತಿ ಹಾಸನದ ಕಡೆ ಹೈಸ್ಕೂಲ್ ಟೀಚರ್, ಒಬ್ಬ ಗೆಳೆಯ ದಾವಣಗೆರೆಯಲ್ಲಿ ಅಂಗಡಿ ಇಟ್ಟಿದ್ದಾನೆ, ನಾನು ಬೆಂಗಳೂರಿನಲ್ಲಿ. ಓದುವಾಗ ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಮೊತ್ತ ಇರುತ್ತಿತ್ತು. ಇಂದು 150 ಡಾಲರಿನ ಒಂದು ಟಿಕೆಟ್ ಡಾಲರ್ ದುಡಿಯುವವರಿಗೆ ಕೆಲವೇ ಗಂಟೆಗಳ ಸಂಬಳ. ಡಾಲರಿಗೆ 90 ರೂಪಾಯಿಯ ಲೆಕ್ಕ ಹಿಡಿದರೆ ರೂಪಾಯಿ ದುಡಿಯುವವರಿಗೆ ಅದು 13,500 ರೂಪಾಯಿ. ಈ ಅಂತರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಉಳಿದಾಗ ಒಬ್ಬರು ಸಾಲ ಮಾಡುತ್ತಾರೆ, ಇನ್ನೊಬ್ಬರು ನೆಪ ಹೇಳಿ ರೂಮಿನಲ್ಲೇ ಉಳಿಯುತ್ತಾರೆ.

ಬುಕಿಂಗಿಗೆ ಮೊದಲು ನಾವು ಒಂದು ಕೆಲಸ ಮಾಡಿದೆವು. ವಿಮಾನ, ವೀಸಾ, ಹಡಗು, ಊರು ನೋಡುವುದು ಎಲ್ಲ ಸೇರಿ ತಾನು ಎಷ್ಟರವರೆಗೆ ಹೋಗಬಲ್ಲೆ ಎಂಬುದನ್ನು ಪ್ರತಿಯೊಬ್ಬರೂ ಗುಂಪಿನ ಒಬ್ಬಳಿಗೆ ಮಾತ್ರ ತಿಳಿಸಿದರು. ಆಕೆ ಅತಿ ಕಡಿಮೆ ಮೊತ್ತವನ್ನಷ್ಟೇ ಎಲ್ಲರಿಗೂ ಹೇಳಿದಳು. ಅದು ಯಾರದೆಂದು ಯಾರೂ ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಯಾವ ವಾರ ಹೋಗುವುದು, ಎಂಥ ರೂಮು, ಯಾವ ಊರಿನಲ್ಲಿ ಏನು ನೋಡುವುದು ಎಂಬುದೆಲ್ಲ ಆ ಮೊತ್ತದಿಂದಲೇ ತೀರ್ಮಾನವಾಯಿತು.

ಟಿಕೆಟಿನ ದರವೇ ಪ್ರವಾಸದ ದರವಲ್ಲ

ಕ್ರೂಸಿನ ದರವನ್ನು ಹೇಳುವುದು ಒಂದು ರೂಮಿನಲ್ಲಿ ಇಬ್ಬರು ಇರುವ ಲೆಕ್ಕದಲ್ಲಿ, ತಲೆಗೆ ಇಷ್ಟು ಎಂದು. ಒಬ್ಬರೇ ಉಳಿದರೆ ಬಹುಪಾಲು ಹಡಗುಗಳಲ್ಲಿ ಹತ್ತಿರಹತ್ತಿರ ಎರಡು ಪಟ್ಟು ತೆರಬೇಕು. ಆದ್ದರಿಂದ ಗುಂಪಿನ ಸಂಖ್ಯೆ ಬೆಸವಾಗಿದ್ದರೆ ಮೊದಲೇ ಯೋಚಿಸಿ: ಮೂರು ಜನ ಒಂದೇ ರೂಮಿನಲ್ಲಿ ಹೊಂದಿಕೊಂಡರೆ ಮೂರನೆಯವರ ದರ ಸಾಮಾನ್ಯವಾಗಿ ಕಡಿಮೆ.

ಇದರ ಮೇಲೆ ಬಂದರು ಶುಲ್ಕ ಮತ್ತು ತೆರಿಗೆ ಬೀಳುತ್ತದೆ. ಅಲಾಸ್ಕಾ ರಾಜ್ಯವೊಂದೇ ಪ್ರತಿ ಪ್ರಯಾಣಿಕರ ಮೇಲೆ 34.50 ಡಾಲರ್ ತೆರಿಗೆ ಹಾಕುತ್ತದೆ. 2006ರಲ್ಲಿ ಅಲ್ಲಿನ ಮತದಾರರೇ ಒಪ್ಪಿ ತಂದ ತೆರಿಗೆ ಇದು, 2010ರಲ್ಲಿ ಈಗಿನ ಮಟ್ಟಕ್ಕೆ ಇಳಿಯಿತು. ಇದರಲ್ಲಿ ಒಂದು ಪಾಲು ಹಡಗು ನಿಲ್ಲುವ ಊರುಗಳಿಗೇ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಹೊಸ ಕಾನೂನು 2024ರ ಜುಲೈನಲ್ಲಿ ಜಾರಿಯಾದ ಮೇಲೆ ದೊಡ್ಡ ಕಂಪನಿಗಳು ಅಮೆರಿಕದಲ್ಲಿ ಶುಲ್ಕ ಸೇರಿಸಿದ ದರವನ್ನೇ ತೋರಿಸುತ್ತಿವೆ. ಭಾರತದ ಏಜೆಂಟರ ಬಳಿ ಕೊಳ್ಳುವಾಗ ಇದು ಸೇರಿದೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಆಮೇಲೆ ಟಿಪ್ಸ್. ಹಡಗಿನ ಸಿಬ್ಬಂದಿಗೆಂದು ತಲೆಗೆ ದಿನಕ್ಕೆ 16ರಿಂದ 20 ಡಾಲರ್ ನಮ್ಮ ಖಾತೆಗೆ ತಾನಾಗಿಯೇ ಸೇರುತ್ತದೆ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರ ಸಂಪಾದನೆ ಅದು. ಅದನ್ನು ತೆಗೆಸಿ ಉಳಿಸಬಾರದು, ಮೊದಲೇ ಬಜೆಟ್ಟಿಗೆ ಸೇರಿಸಬೇಕು.

ಒಂದು ಲೆಕ್ಕ ನೋಡಿ. ಒಳಗಿನ ರೂಮಿಗೆ ತಲೆಗೆ 900 ಡಾಲರ್ ಎಂದಿಟ್ಟುಕೊಳ್ಳೋಣ. ಶುಲ್ಕ, ತೆರಿಗೆಗೆ 250. ದಿನಕ್ಕೆ 17ರಂತೆ ಏಳು ದಿನದ ಟಿಪ್ಸ್ 119. ದುಡ್ಡು ಕೊಟ್ಟು ನೋಡುವ ಒಂದೇ ಒಂದು ದೊಡ್ಡ ನೋಟಕ್ಕೆ 150. ಬಸ್ಸು, ಪ್ರವೇಶ ಶುಲ್ಕ, ಕಾಫಿಗೆ 100. ಒಟ್ಟು 1,519 ಡಾಲರ್, ಅಂದರೆ 1,36,710 ರೂಪಾಯಿ. ವಿಮಾನ, ವೀಸಾ ಬೇರೆ. ಇದಕ್ಕೆ ದಿನಕ್ಕೆ 70 ಡಾಲರಿನ ಡ್ರಿಂಕ್ಸ್ ಪ್ಯಾಕೇಜ್ ಸೇರಿಸಿದರೆ ಇನ್ನೂ 44,100 ರೂಪಾಯಿ. ದಿನಕ್ಕೆ 25ರ ವೈಫೈ ಸೇರಿಸಿದರೆ 15,750. ಊಟ, ತಿಂಡಿ, ನೀರು, ಸಾಮಾನ್ಯ ಕಾಫಿ, ಟೀ ಟಿಕೆಟಿನಲ್ಲೇ ಸೇರಿರುವಾಗ ಇವೆರಡೂ ಇಲ್ಲದೆ ಪ್ರವಾಸ ಚೆನ್ನಾಗಿ ನಡೆಯುತ್ತದೆ.

ಡ್ರಿಂಕ್ಸ್ ಪ್ಯಾಕೇಜಿನಲ್ಲಿ ಗೆಳೆಯರು ಗಮನಿಸಬೇಕಾದ ಷರತ್ತೊಂದಿದೆ. ಒಂದು ರೂಮಿನಲ್ಲಿ ಒಬ್ಬರು ಕೊಂಡರೆ ಅದೇ ರೂಮಿನ ಉಳಿದ ವಯಸ್ಕರೂ ಕೊಳ್ಳಲೇಬೇಕು ಎಂದು ಹಲವು ಕಂಪನಿಗಳು ಹೇಳುತ್ತವೆ. ಕುಡಿಯುವವರು, ಕುಡಿಯದವರು ಒಂದೇ ರೂಮು ಹಂಚಿಕೊಳ್ಳುವ ಮೊದಲು ಇದನ್ನು ಓದಿಕೊಳ್ಳಿ.

ವಿಕ್ಟೋರಿಯಾ ಮತ್ತು ಎರಡನೇ ವೀಸಾ

ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಹಡಗುಗಳು ಕೆನಡಾದ ಒಂದು ಬಂದರಿನಲ್ಲಿ, ಹೆಚ್ಚಾಗಿ ವಿಕ್ಟೋರಿಯಾದಲ್ಲಿ, ಕೆಲವು ಗಂಟೆ ನಿಲ್ಲುತ್ತವೆ. ಕಾರಣ 1886ರ ಒಂದು ಕಾಯ್ದೆ. ಪರದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸುತ್ತಿಸುವಂತಿಲ್ಲ, ನಡುವೆ ಪರದೇಶದ ಬಂದರೊಂದನ್ನು ಮುಟ್ಟಬೇಕು. ಈ ದೊಡ್ಡ ಕ್ರೂಸ್ ಹಡಗುಗಳು ಬಹಾಮಾಸ್, ಬರ್ಮುಡಾ, ಪನಾಮಾದಂಥ ದೇಶಗಳ ಧ್ವಜ ಹಾರಿಸುತ್ತವೆ.

ಇದರಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಜೊತೆಗೆ ಕೆನಡಾದ ವೀಸಾವೂ ಬೇಕು. ಅದರ ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚಿಗೆ ಇನ್ನೂ 85. ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ ಇದೆ, ಎಚ್-1ಬಿ ಮೇಲೆ ಇರುವವರಿಗೆ ಇಲ್ಲ. ‘ನಾನು ಅಮೆರಿಕದಲ್ಲೇ ಇರೋನು, ನನಗ್ಯಾಕೆ’ ಎಂದುಕೊಳ್ಳುವ ಗೆಳೆಯರಿಗೆ ಇದನ್ನು ತಿಂಗಳುಗಳ ಮೊದಲೇ ನೆನಪಿಸಿ. ಏಳು ರಾತ್ರಿಗಳ ಕ್ರೂಸಿಗೆ ಪೂರ್ತಿ ಹಣವನ್ನು ಸಾಮಾನ್ಯವಾಗಿ ಎರಡೂವರೆ, ಮೂರು ತಿಂಗಳ ಮುಂಚೆ ಕಟ್ಟಬೇಕು. ಆಮೇಲೆ ರದ್ದು ಮಾಡಿದರೆ ದಂಡ ಹಂತಹಂತವಾಗಿ ಏರುತ್ತದೆ. ರೂಮಿನ ಜೊತೆಗಾರ ಕೊನೆಗಳಿಗೆಯಲ್ಲಿ ಹಿಂದೆ ಸರಿದರೆ ಆ ನಷ್ಟ ಯಾರದು ಎಂಬುದನ್ನು ಮುಂಗಡ ಕಟ್ಟುವ ದಿನವೇ ಮಾತಾಡಿಕೊಳ್ಳಿ. ನಮ್ಮಲ್ಲಿ ಹಿಂದೆ ಸರಿದವರೇ ಭರಿಸಬೇಕು, ಅನಾರೋಗ್ಯವಾದರೆ ಎಲ್ಲರೂ ಹಂಚಿಕೊಳ್ಳಬೇಕು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದಿಟ್ಟುಕೊಂಡಿದ್ದೆವು.

ಹಿಮನದಿಗೆ ಟಿಕೆಟ್ ಇಲ್ಲ

ಬಾಲ್ಕನಿ ಇಲ್ಲದಿದ್ದರೆ ಅಲಾಸ್ಕಾ ನೋಡಿದಂತೆಯೇ ಅಲ್ಲ ಎಂದು ಮಾರುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಹೆಚ್ಚೆಂದರೆ ಎರಡು ದೊಡ್ಡ ಕ್ರೂಸ್ ಹಡಗುಗಳಿಗೆ ಮಾತ್ರ ಪ್ರವೇಶ. ಉದ್ಯಾನದ ರೇಂಜರುಗಳು ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ, ಇಡೀ ದಿನ ಮೈಕಿನಲ್ಲಿ ವಿವರಿಸುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರನ ತಂಡ ಬಂದಾಗ ಇಲ್ಲಿ ಕೊಲ್ಲಿ ಎಂಬುದೇ ಇರಲಿಲ್ಲವೆನ್ನಬಹುದು, ಬಾಯಿಯವರೆಗೂ ಹಿಮವೇ ತುಂಬಿತ್ತು. ಅಂದಿನಿಂದ ಹಿಂದೆ ಸರಿದ ಹಿಮ ಬಿಟ್ಟುಕೊಟ್ಟ ದಾರಿಯಲ್ಲಿ ಇಂದು ಹಡಗು ಸಾಗುತ್ತದೆ.

ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಧಾನವಾಗಿ ತಿರುಗಿ ಎರಡೂ ಬದಿಯವರಿಗೆ ತೋರಿಸುತ್ತದೆ. ಬಾಲ್ಕನಿಯಿಂದ ಒಂದು ಬದಿ ಕಾಣುತ್ತದೆ, ಮೇಲಿನ ತೆರೆದ ಡೆಕ್ಕಿನಿಂದ ನಾಲ್ಕೂ ದಿಕ್ಕು. ನಾವೆಲ್ಲ ಒಳಗಿನ ರೂಮು ತೆಗೆದುಕೊಂಡಿದ್ದರಿಂದ ಎಲ್ಲರೂ ಡೆಕ್ಕಿನಲ್ಲೇ ಇದ್ದೆವು. ಮಂಜುಗಡ್ಡೆಯ ದೊಡ್ಡ ಹೋಳು ಕಳಚಿ ನೀರಿಗೆ ಬಿದ್ದು, ಅದರ ಸದ್ದು ಕ್ಷಣ ತಡೆದು ಬಂದಾಗ ಒಬ್ಬರ ತೋಳು ಒಬ್ಬರು ಹಿಡಿದಿದ್ದೆವು. ಇಡೀ ಪ್ರವಾಸದ ಅತಿ ದೊಡ್ಡ ನೋಟಕ್ಕೆ ಟಿಕೆಟಿನ ಮೇಲೆ ಒಂದು ಪೈಸೆಯೂ ಹೆಚ್ಚು ಬೀಳಲಿಲ್ಲ. ಬೇಕಾದದ್ದು ಸ್ವೆಟರ್, ಟೋಪಿ, ಗ್ಲೌಸು, ಮನೆಯಿಂದ ತಂದ ರೈನ್‌ಕೋಟು ಅಷ್ಟೇ.

ಊರುಗಳಲ್ಲಿ ಎಲ್ಲಿ ಕೊಡಬೇಕು, ಎಲ್ಲಿ ನಡೆಯಬೇಕು

ಖರ್ಚಿನ ಪಟ್ಟಿ ಉದ್ದವಾಗುವುದು ಬಂದರಿನ ದಿನಗಳಲ್ಲಿ. ಹಡಗಿನ ಕಂಪನಿ ಮಾರುವ ಎಕ್ಸ್‌ಕರ್ಷನ್ ತಡವಾದರೆ ಹಡಗು ಕಾಯುತ್ತದೆ, ನಾವೇ ಹೋದರೆ ಕಾಯುವುದಿಲ್ಲ. ದೂರದ ಜಾಗಕ್ಕೆ ಆ ಭರವಸೆಗೆ ಬೆಲೆ ಇದೆ. ಹಡಗುಕಟ್ಟೆಯಿಂದ ನಡೆದು ನೋಡುವ ಜಾಗಕ್ಕೆ ಅದು ಬೇಡ.

ಕೆಚಿಕನ್‌ನಲ್ಲಿ ನಾವು ಪೂರ್ತಿ ನಡೆದೆವು. ತೊರೆಯ ಮೇಲೆ ಕಂಬ ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟಿನ ಮರದ ಮನೆಗಳು, ಆದಿವಾಸಿಗಳು ಕೆತ್ತಿದ ಎತ್ತರದ ಟೋಟೆಮ್ ಕಂಬಗಳು, ಜುಲೈ, ಆಗಸ್ಟಿನಲ್ಲಿ ಹರಿವಿಗೆದುರಾಗಿ ಏರುವ ಸಾಲ್ಮನ್ ಮೀನುಗಳು ಎಲ್ಲವೂ ಹಡಗುಕಟ್ಟೆಯಿಂದ ಕಾಲ್ನಡಿಗೆಯ ದೂರದಲ್ಲಿವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ಮಡಿಕೇರಿಯ ಮಳೆಗಾಲ ಕಂಡವರಿಗೆ ಅದೇನೂ ಅಡ್ಡಿಯಲ್ಲ.

ಜೂನೋದಲ್ಲಿ ಗುಂಪು ಎರಡಾಯಿತು, ಮೊದಲೇ ಮಾತಾಡಿಕೊಂಡೇ. ಕೆಲವರು 150 ಡಾಲರ್ ಮೇಲೆ ಕೊಟ್ಟು ತಿಮಿಂಗಿಲ ನೋಡಲು ಹೋದರು. ನಾವು ಎರಡು ಡಾಲರಿನ ಸಿಟಿ ಬಸ್ ಹಿಡಿದು, ಇಳಿದ ಮೇಲೆ ಎರಡೂವರೆ ಕಿಲೋಮೀಟರ್ ನಡೆದು ಮೆಂಡನ್‌ಹಾಲ್ ಹಿಮನದಿಗೆ ಹೋದೆವು. ಅಲ್ಲಿಂದ ಸರೋವರದ ದಂಡೆ ಹಿಡಿದು ನಗೆಟ್ ಜಲಪಾತದ ಬುಡದವರೆಗೂ ಕಾಲುದಾರಿ ಇದೆ. ರಾತ್ರಿ ಊಟದ ಮೇಜಿನಲ್ಲಿ ಎರಡೂ ಕಡೆಯವರಿಗೆ ಹೇಳಿಕೊಳ್ಳಲು ಬೇಕಾದಷ್ಟು ಇತ್ತು.

ಸ್ಕ್ಯಾಗ್ವೇ ನಾವು ಒಟ್ಟಾಗಿ ದುಡ್ಡು ಕೊಟ್ಟ ಊರು. ವೈಟ್ ಪಾಸ್ ಅಂಡ್ ಯುಕಾನ್ ರೂಟ್ ರೈಲು 1898ರಿಂದ 1900ರ ನಡುವೆ ಕಟ್ಟಿದ್ದು. ಮೂರು ಅಡಿ ಅಗಲದ ಹಳಿಯ ಮೇಲೆ, ಸಮುದ್ರಮಟ್ಟದಿಂದ ಹೊರಟು ಸುಮಾರು 32 ಕಿಲೋಮೀಟರಿನಲ್ಲಿ 870 ಮೀಟರ್ ಎತ್ತರದ ಕಣಿವೆದಾರಿಗೆ ಏರುತ್ತದೆ. ತಲೆಗೆ 150 ಡಾಲರ್ ಆಸುಪಾಸು. ನಮ್ಮ ಅತಿ ಚಿಕ್ಕ ಜೇಬಿನ ಲೆಕ್ಕದಲ್ಲಿ ಉಳಿಸಿಟ್ಟಿದ್ದ ಒಂದೇ ದೊಡ್ಡ ಖರ್ಚು ಇದು, ಕೊಟ್ಟಿದ್ದಕ್ಕೆ ಪೂರ್ತಿ ತಕ್ಕದ್ದು. ಇಳಿದ ಮೇಲೆ ರಾಷ್ಟ್ರೀಯ ಉದ್ಯಾನದ ರೇಂಜರುಗಳು ಉಚಿತವಾಗಿ ಊರು ಸುತ್ತಿಸುತ್ತಾರೆ.

ಹಣದ ಬಗ್ಗೆ ಬರೆಯುವ ನನಗೆ ಆ ಊರಿನ ಕಥೆ ಬಲವಾಗಿ ತಟ್ಟಿತು. 1896ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕ ಸುದ್ದಿ ಮರುವರ್ಷ ಸಿಯಾಟಲ್ ಮುಟ್ಟಿದಾಗ ಸುಮಾರು ಒಂದು ಲಕ್ಷ ಜನ ಹೊರಟರಂತೆ, ಅವರಲ್ಲಿ ಅನೇಕರು ಸ್ಕ್ಯಾಗ್ವೇ ಮೂಲಕ. ಒಂದು ವರ್ಷಕ್ಕೆ ಸಾಲುವಷ್ಟು, ಹತ್ತಿರಹತ್ತಿರ ಒಂದು ಟನ್ ಸಾಮಾನು ಇಲ್ಲದವರನ್ನು ಕೆನಡಾದ ಪೊಲೀಸರು ಗಡಿಯೊಳಗೆ ಬಿಡುತ್ತಿರಲಿಲ್ಲ. ಅಷ್ಟು ಹೊರೆ ಒಬ್ಬರಿಂದಾಗದು ಎಂದು ಗೆಳೆಯರು ಪಾಲುದಾರರಾಗಿ ಹೊರಟರು. ದಾರಿಯಲ್ಲಿ ಜಗಳವಾಡಿ, ದೋಣಿಯನ್ನೇ ಗರಗಸದಲ್ಲಿ ಕೊಯ್ದು ಪಾಲು ಮಾಡಿಕೊಂಡವರ ಕಥೆಗಳು ಆ ಕಾಲದಿಂದ ಉಳಿದು ಬಂದಿವೆ. ಹೊರಡುವಾಗ ಸಾಮಾನಿನ ಪಟ್ಟಿ ಎಲ್ಲರ ಬಳಿಯೂ ಇತ್ತು. ಯಾರ ಪಾಲು ಎಷ್ಟು, ನಡುವೆ ಬಿಟ್ಟರೆ ಏನು ಎಂಬ ಒಪ್ಪಂದ ಎಲ್ಲರ ಬಳಿಯೂ ಇರಲಿಲ್ಲ.

ಕಾರ್ಡು, ಟಿಸಿಎಸ್, ವಿಮೆ

ಹಡಗಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕಾರ್ಡನ್ನೇ ಖಾತೆಗೆ ಜೋಡಿಸಿ. ಡೆಬಿಟ್ ಕಾರ್ಡ್ ಕೊಟ್ಟರೆ ಒಂದಷ್ಟು ಹಣವನ್ನು ತಡೆಹಿಡಿಯುತ್ತಾರೆ, ಅದು ಬಿಡುಗಡೆಯಾಗಲು ದಿನಗಳು ಬೇಕು. ಭಾರತದ ಹಲವು ಕ್ರೆಡಿಟ್ ಕಾರ್ಡುಗಳು ವಿದೇಶದ ಖರ್ಚಿಗೆ ಶೇ 3.5 ಮಾರ್ಕಪ್, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತವೆ. 50,000 ರೂಪಾಯಿಗೆ 2,065 ರೂಪಾಯಿ ಹೆಚ್ಚುವರಿ. ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡ್ ಒಳ್ಳೆಯದು. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಡಾಲರನ್ನೇ ಆರಿಸಿ, ಅವರ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಭಾರತದ ಟೂರ್ ಏಜೆಂಟರಿಂದ ವಿದೇಶದ ಪ್ಯಾಕೇಜ್ ಕೊಂಡರೆ 2020ರ ಅಕ್ಟೋಬರಿನಿಂದ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಅದು ಹಣ ಕಟ್ಟಿದವರ ಪ್ಯಾನ್ ಹೆಸರಿನಲ್ಲಿ ಜಮೆಯಾಗಿ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಕೆಯಾಗುತ್ತದೆ. ಎಲ್ಲರ ಪರವಾಗಿ ಒಬ್ಬರೇ ಕಟ್ಟಿದರೆ ಎಲ್ಲರ ಟಿಸಿಎಸ್ಸೂ ಆ ಒಬ್ಬರ ಲೆಕ್ಕಕ್ಕೆ ಸೇರುತ್ತದೆ. ಅವರವರ ಪಾಲನ್ನು ಅವರವರೇ ಕಟ್ಟಿ. ಸಮುದ್ರದ ನಡುವಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಸೇರಿದ ಪ್ರವಾಸ ವಿಮೆ ಎಲ್ಲರಿಗೂ ಕಡ್ಡಾಯ. ಈ ಒಂದು ಬಾಬ್ತಿನಲ್ಲಿ ಮಾತ್ರ ಚಿಕ್ಕ ಜೇಬಿನ ನಿಯಮ ಬೇಡ.

ಕೊಡುವವರಿಗೆ ಒಂದು ಮಾತು

ಜೂನೋದಲ್ಲಿ ಹಿಮನದಿಯ ಮೇಲೆ ಇಳಿಸುವ ಹೆಲಿಕಾಪ್ಟರ್ ಇದೆ, ತಲೆಗೆ 400 ಡಾಲರಿಗೂ ಮೇಲೆ. ಸಿಯಾಟಲ್‌ನ ಗೆಳೆಯ ಎಲ್ಲರದನ್ನೂ ತಾನೇ ಕೊಡುತ್ತೇನೆಂದ. ಹಾಸನದ ಗೆಳತಿ, ‘ನೀನು ಪ್ರೀತಿಯಿಂದಾನೇ ಕೊಡಿಸ್ತೀಯ ಕಣೋ, ಆದ್ರೆ ಊರಿಗೆ ಹೋದ್ಮೇಲೆ ಅದು ನನ್ನ ಮನಸ್ಸಲ್ಲಿ ಸಾಲ ಆಗಿ ಕೂತಿರುತ್ತೆ’ ಎಂದಳು. ಅವನು ಒತ್ತಾಯಿಸಲಿಲ್ಲ. ಬದಲಿಗೆ ಹಡಗು ಹತ್ತುವ ಮುಂಚೆಯೂ ಇಳಿದ ಮೇಲೂ ನಮ್ಮೆಲ್ಲರನ್ನೂ ಮನೆಯಲ್ಲೇ ಉಳಿಸಿಕೊಂಡ. ಹೋಟೆಲಿನ ಖರ್ಚು ಉಳಿಯಿತು, ಬಿಸಿಬಿಸಿ ಅನ್ನ ಸಾರೂ ಸಿಕ್ಕಿತು. ಆ ಆತಿಥ್ಯವನ್ನು ಆಕೆ ನಿಸ್ಸಂಕೋಚವಾಗಿ ಸ್ವೀಕರಿಸಿದಳು, ಏಕೆಂದರೆ ಅವನು ಹಾಸನಕ್ಕೆ ಬಂದಾಗ ಅದನ್ನು ಅಷ್ಟೇ ಧಾರಾಳವಾಗಿ ಮರಳಿಸಬಲ್ಲಳು.

ಹೆಚ್ಚು ಗಳಿಸುವ ಗೆಳೆಯರು ಕೊಡುಗೆಯನ್ನು ಆರಿಸಬೇಕಾದದ್ದು ಹೀಗೆ. ಪಡೆದವರು ತಮ್ಮ ಮನೆಯಲ್ಲಿ, ತಮ್ಮ ಶಕ್ತಿಯಲ್ಲಿ ಹಿಂದಿರುಗಿಸಬಹುದಾದದ್ದನ್ನು ಕೊಡಿ. ಕಡಿಮೆ ಗಳಿಸುವವರು ತಮ್ಮ ಮಿತಿಯನ್ನು ಬುಕಿಂಗಿಗೆ ಮೊದಲೇ ಹೇಳಿ, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಬರುವ ಬೇಸಿಗೆಗೆ ನಿಮ್ಮ ಗುಂಪೂ ಹಡಗಿನ ಮಾತೆತ್ತಿದ್ದರೆ, ಫೋಟೋ, ರೂಮು, ರಿಯಾಯಿತಿ ನೋಡುವ ಮೊದಲು ಆ ಅತಿ ಚಿಕ್ಕ ಮೊತ್ತವನ್ನು ಕಂಡುಕೊಳ್ಳಿ. ಅದರೊಳಗೆ ಎಲ್ಲರೂ ಬರಬಹುದಾದ ಪ್ರವಾಸ ಸಿಗದಿದ್ದರೆ ಒಂದು ವರ್ಷ ಮುಂದೂಡಿ, ತಿಂಗಳಿಗಿಷ್ಟೆಂದು ಆರ್‌ಡಿ ಕಟ್ಟಿ, ಎಲ್ಲರೂ ಸೇರಿಯೇ ಹೋಗಿ.